ಮದರ್‌ಬೋರ್ಡ್ ತಂದ ವರದಿ

ಪ್ರೀತಿಯ ಮಗಳಿಗೆ,

ಗೇಮ್ ಆಡುವ ಕಂಪ್ಯೂಟರಿಗೆ ನಂಬಿಕಸ್ತ ಮದರ್‌ಬೋರ್ಡ್ ಆರಿಸುವ ಹೊಣೆಯನ್ನು ನನಗೊಪ್ಪಿಸಿ ನೀನು ಹಡಗಿನ ಕೆಲಸಕ್ಕೆ ಹೊರಟುಬಿಟ್ಟೆಯಲ್ಲ, ಅದರ ವರದಿ ಇದು.

ಅಂಗಡಿಯವನು ಮೊದಲು ಬಣ್ಣಬಣ್ಣದ ದೀಪ ಮಿನುಗುವ ಬೋರ್ಡ್ ತೋರಿಸಿದ. "ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದೀನಿ. ಒಳಗೆ ಸಿಕ್ಕಿಹಾಕಿಕೊಂಡೋರು ಯಾರೂ ದೀಪ ಚೆನ್ನಾಗಿದೆ ಅಂತ ಹೊಗಳಿದ್ದು ನಾನು ಕೇಳಿಲ್ಲಪ್ಪ," ಅಂದೆ. ಅವನು ಶಾಖ ಹೀರುವ ದಪ್ಪ ಲೋಹದ ಪಟ್ಟಿಗಳಿದ್ದ, ನೋಡಲು ಸಪ್ಪೆಯಾದ ಇನ್ನೊಂದನ್ನು ತೆಗೆದ. "ಪ್ರೊಸೆಸರ್ ಯಾವುದು ಸಾರ್?" ಎಂದು ಕೇಳಿದ. "ಒಳ್ಳೇದೇ," ಎಂದು ಹೇಳಿ ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

ನೀನು ತಂದಿಟ್ಟಿದ್ದ ಪ್ರೊಸೆಸರ್ ಅದರಲ್ಲಿ ಕೂರಲೇ ಇಲ್ಲ. ಸಾಕೆಟ್ಟೇ ಬೇರೆ! ಮರುದಿನ ತಲೆ ತಗ್ಗಿಸಿಕೊಂಡು ಹೋದೆ. ಅವನು ನಗಲಿಲ್ಲ, ನಕ್ಕಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಸಾಕೆಟ್ ಹೊಂದುವ, ಅಷ್ಟೇ ಗಟ್ಟಿಯಾದ ಬೋರ್ಡನ್ನು ಬದಲಾಯಿಸಿ ಕೊಟ್ಟ.

ಜೋಡಿಸಿ ಆರು ದಿನವಾಯಿತು. ಒಮ್ಮೆಯೂ ಕೈಕೊಟ್ಟಿಲ್ಲ. ಪರೀಕ್ಷೆಗೆಂದು ನಿನ್ನ ಅಮ್ಮನನ್ನು ಕಾರ್ ರೇಸಿಗೆ ಕೂರಿಸಿದ್ದೇ ತಪ್ಪಾಯಿತು. ಊಟಕ್ಕೆ ಕರೆದರೆ, "ಇರ್ರೀ, ಇನ್ನೊಂದೇ ಸುತ್ತು," ಅನ್ನುತ್ತಾಳೆ. "ಮಗಳು ಬಂದರೆ ಬಿಟ್ಟುಕೊಡ್ತೀಯಲ್ಲ?" ಎಂದೆ. "ಅವಳಿಗೆ ಇನ್ನೊಂದು ಮಾಡಿಕೊಡಿ. ನಿಮಗೆ ಹೇಗೂ ಕೈ ಪಳಗಿದೆ," ಎಂದಳು, ಕತ್ತು ಕೂಡ ತಿರುಗಿಸದೆ.

ಆದ್ದರಿಂದ ರಜೆ ಸಿಕ್ಕ ಕೂಡಲೇ ತಾರೀಖನ್ನು ನನಗೊಬ್ಬನಿಗೇ ತಿಳಿಸು. ಅವಳನ್ನು ಆ ಕುರ್ಚಿಯಿಂದ ಎಬ್ಬಿಸಲು ಕಡಿಮೆಯೆಂದರೂ ಒಂದು ವಾರ ಬೇಕು.

ಇಂತಿ, ಒಲೆಯ ಮುಂದೆ ನಿಂತು ಬರೆಯುತ್ತಿರುವ
ನಿನ್ನ ಅಪ್ಪ