ಹಿತ್ತಲಿನ ತಣ್ಣನೆ ಗಾಳಿ

೧೨ ಡಿಸೆಂಬರ್ ೧೯೮೩, ಬೆಳಿಗ್ಗೆ

ಎದ್ದ ಕೂಡಲೇ ಮಗುವಿನ ಪಾದ ಮುಟ್ಟಿ ನೋಡಿದೆ. ತಣ್ಣಗಿತ್ತು. ಅಂಗೈಯಲ್ಲಿ ಹಿಡಿದು ಕೂತೆ. ಬೆಚ್ಚಗಾದ ಮೇಲೆ ಹಾಲು ಕಾಯಿಸಿದ್ದು, ಮಗಳು ಅನುಗೆ ಮೆಣಸಿನ ಸಾರು.

ದಿನ ತುಂಬುವ ಮೊದಲೇ ಹುಟ್ಟಿದ ಮೊಮ್ಮಗಳು. ಡಿಸ್ಚಾರ್ಜ್ ಮಾಡುವಾಗ ಡಾಕ್ಟರ್ ಹೇಳಿದ್ದು ಎರಡೇ ಮಾತು — ಪಾದ ತಣ್ಣಗಾಗಲು ಬಿಡಬೇಡಿ, ಕೋಣೆಯಲ್ಲಿ ಹೊಗೆ ಬೇಡ. ಹೊಗೆ ಅನುಗೂ ಆಗದು. ಚಿಕ್ಕಂದಿನಿಂದ ಆಸ್ತಮಾ. ಆದರೆ ಮಾಕಳಿಯ ಈ ಬಯಲಿನಲ್ಲಿ, ಈ ಚಳಿಯಲ್ಲಿ, ಕೆಂಡವಿಲ್ಲದ ಬಾಣಂತಿ ಕೋಣೆ?

ಎರೆಯಲು ಬರುವ ಪಿಳ್ಳಮ್ಮ ದಿನವೂ ಕೇಳುತ್ತಾಳೆ. "ಇದ್ಲು ಆಕ್ದೆ ಬಾಣಂತನ ಮಾಡಿದ್ದು ನಾ ಎಲ್ಲೂ ಕಂಡಿಲ್ಲ ಕಣಮ್ಮಾ. ಆ ಡಾಕುಟ್ರು ಯಾವತ್ತಾದ್ರೂ ಬಾಣಂತಿ ಆಗವ್ರಾ?"

ನಕ್ಕೆ. ಆಮೇಲೆ ನಗು ಬರಲಿಲ್ಲ. ಅವಳ ಮಾತೇ ಸರಿಯಿದ್ದರೆ?

೧೪ ಡಿಸೆಂಬರ್

ಕಾಯಿಲ್ ಹೀಟರ್ ಹಾಕಿದರೆ ಫ್ಯೂಸ್ ಹೋಗುತ್ತದೆ. ಹೋಗದಿದ್ದಾಗ ಇನ್ನೂ ಭಯ — ಕೆಂಪಗೆ ಕಾದ ತಂತಿ, ಪಕ್ಕದಲ್ಲೇ ಒಣಹಾಕಿದ ಮಗುವಿನ ಬಟ್ಟೆ.

ಇವರು ಊಟಕ್ಕೆ ಕೂತಾಗ, ವರ್ಕ್‌ಶಾಪಿನಿಂದ ಹಳೇ ಏ.ಸಿ. ತರುತ್ತೇನೆ ಅಂದರು. ಪೀಣ್ಯದಲ್ಲಿ ಇವರ ಕೆಲಸವೇ ಅದು, ಏ.ಸಿ. ರಿಪೇರಿ. ಆದರೂ... ಬಾಣಂತಿ ಕೋಣೆಗೆ ಏ.ಸಿ.!

"ತಣ್ಣಗೆ ಮಾಡೋ ಮೆಷಿನ್ನಾ?"

"ತಿರುಗಿಸಿ ಕೂರಿಸ್ತೀನಿ ಕಣೆ. ಒಳಗಿನ ಬಿಸಿ ತೆಗೆದು ಆಚೆ ಹಾಕೋದು ತಾನೆ ಅದರ ಕೆಲಸ? ಬೆನ್ನು ಒಳಗೆ, ಮುಖ ಹಿತ್ತಲಿಗೆ. ಆಚೆ ಗಾಳೀಲಿರೋ ಬಿಸೀನ ಎಳ್ಕೊಂಡು ಒಳಗೆ ಬಿಡುತ್ತೆ. ಹೀಟರಿಗಿಂತ ಕಮ್ಮಿ ಕರೆಂಟಲ್ಲಿ."

"ಆಚೆ ಎಲ್ರೀ ಇದೆ ಬಿಸಿ? ನಡುಗ್ತಾ ಇದೀವಿ."

"ನಿನಗೆ ಚಳಿ. ಮೆಷಿನ್‌ಗೆ ಅದರಲ್ಲೂ ಬಿಸಿ ಸಿಗುತ್ತೆ."

ಕಾನ್ವೆಂಟಿನಲ್ಲಿ ಹೀಟ್ ಚಾಪ್ಟರನ್ನು ಇಡೀ ಬಾಯಿಪಾಠ ಮಾಡಿದವಳು ನಾನು. ಅರ್ಥವಾಗದೆ ಇಲ್ಲ. ಆದರೆ ಪುಸ್ತಕದಲ್ಲಿ ಮಗು ಇರಲಿಲ್ಲ.

೧೮ ಡಿಸೆಂಬರ್, ಭಾನುವಾರ

ಕಿಟಕಿಯ ಸರಳು ಕೊಯ್ದರು. ಗೋಡೆಗೆ ಕಬ್ಬಿಣದ ಆಂಗಲ್, ಅದರ ಮೇಲೆ ಮೆಷಿನ್. ಸುತ್ತ ಪ್ಲೈವುಡ್, ಸಂದಿಗೆಲ್ಲ ಪುಟ್ಟಿ. ಕೆಳಗೆ ಸ್ಟೆಬಿಲೈಸರ್. ಅಷ್ಟೂ ಹೊತ್ತು ಮಗುವನ್ನು ಅಡುಗೆಮನೆಯಲ್ಲಿ ಒಲೆಯ ಹತ್ತಿರ ಎತ್ತಿಕೊಂಡು ಕೂತಿದ್ದೆ.

ಸ್ವಿಚ್ ಹಾಕಿದಾಗ ಲಾರಿ ಹೊರಟ ಹಾಗೆ ಸದ್ದು. ಮಗು ಬೆಚ್ಚಿತು, ಅತ್ತಿತು, ಮಲಗಿತು. ಸ್ವಲ್ಪ ಹೊತ್ತಿಗೆ ಕೋಣೆ ನಿಜವಾಗಿ ಬೆಚ್ಚಗಾಯಿತು. ಅನು ಕಣ್ಣರಳಿಸಿ, "ಅಮ್ಮಾ, ಸ್ವೆಟರ್ ತೆಗೀಲಾ?" ಅಂದಳು. ಬೇಡ ಅಂದೆ. ಎಲ್ಲದಕ್ಕೂ ಬೇಡ ಅನ್ನುವುದು ಅಭ್ಯಾಸವಾಗಿದೆಯೇ ನನಗೆ?

ಪಿಳ್ಳಮ್ಮ ಬಾಗಿಲಲ್ಲೇ ನಿಂತಳು. "ಬೆಂಕಿ ಇಲ್ಲ, ಬೂದಿ ಇಲ್ಲ, ಬಿಸಿ ಮಾತ್ರ ಬತ್ತದೆ. ಏನೋ ಉಸ್ರು ಬಿಟ್ಟಂಗದೆ."

ಆಮೇಲೆ ಎಂದಿನಂತೆ ಬಾಗಿಲ ಸಂದಿಗೆ ಹಳೇ ಸೀರೆ ತುರುಕತೊಡಗಿದಳು. "ಗಾಳಿ ಬರೋ ಕಡೆ ಎಲ್ಲಾ ಮುಚ್ಚಿಬಿಡು ಪಿಳ್ಳಮ್ಮಾ," ಅಂದೆ. ಬಾಣಂತಿ ಇರುವ ಮನೆಯಲ್ಲಿ ಯಾರಾದರೂ ಹೇಳುವ ಮಾತು.

೧೯ ಡಿಸೆಂಬರ್

ಪಾದ ಬೆಚ್ಚಗಿದೆ. ಅನುಗೆ ವೀಜಿಂಗ್ ಇಲ್ಲ. ಬರೆಯಲೇ ಭಯ, ದೃಷ್ಟಿಯಾದೀತು ಅಂತ.

೨೩ ಡಿಸೆಂಬರ್, ಮಧ್ಯಾಹ್ನ



ಮಗುವಿಗೆ ಎರೆದು ಮಲಗಿಸಿ, ಪಿಳ್ಳಮ್ಮ ಹಿತ್ತಲಿಗೆ ಹೋದಳು. ಮೆಷಿನ್ ಓಡುತ್ತಲೇ ಇತ್ತು. ಅಡುಗೆ ಮುಗಿಸಿ ಬಂದರೆ ಕೋಣೆ ತಣ್ಣಗೆ. ಮೆಷಿನ್ನಿನ ದನಿ ಬೇರೆ, ಏದುಸಿರಿನ ಹಾಗೆ. ಪಾದ ಮುಟ್ಟಿದೆ. ಕಲ್ಲು. ತುಟಿ ಬಣ್ಣಗೆಟ್ಟಿತ್ತು. ಮಗು ಅಳುತ್ತಲೂ ಇರಲಿಲ್ಲ, ಅದೇ ಭಯ...

ರವಿಕೆ ಬಿಚ್ಚಿ ಎದೆಗೆ ಹಾಕಿಕೊಂಡು ಮೇಲೆ ಶಾಲು ಸುತ್ತಿದೆ. ಅನು ಅಳುತ್ತಾ ಪಾದ ಉಜ್ಜಿದಳು. ಇವರಿಗೆ ಸೆಕೆಂಡ್ ಶಿಫ್ಟ್, ಮನೆಯಲ್ಲೇ ಇದ್ದರು, ಪುಣ್ಯ. ಹಿತ್ತಲಿಗೆ ಓಡಿದರು. ಮೆಷಿನ್ನಿನ ಮುಖಕ್ಕೆ ಎರಡು ಗೋಣಿಚೀಲ ಬಿಗಿದು ಹುರಿ ಕಟ್ಟಿತ್ತು. ಬಿಚ್ಚಿದರೆ ಒಳಗೆಲ್ಲ ಬಿಳೀ ಐಸ್.

"ಯಾರು ಕಟ್ಟಿದ್ದು ಇದನ್ನ?"

"ನಾನೇ," ಅಂದಳು ಪಿಳ್ಳಮ್ಮ. "ಇದ್ರ ಬಾಯಿಂದ ತಣ್ಣನ್ ಗಾಳಿ ಒಡೀತಿತ್ತು. ಬಾಣಂತಿ ಮನೆ ಕಿಟಕೀಲಿ ಚಳಿಗಾಳಿ ಬಂದ್ರೆ ಸುಮ್ಕಿರಕಾಯ್ತದಾ ಸಾಮಿ?"

"ಮಗೂನ ಸಾಯಿಸ್ತಿದ್ದೆಯಲ್ಲೇ!" ಅಂತ ಕೂಗಿದರು ಇವರು.

ಅವಳು ಎಣ್ಣೆ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಹೋದಳು.

ಮಗು ಅತ್ತಿತು. ಬೆಕ್ಕಿನ ಮರಿಯಂಥ ದನಿ. ಆ ದನಿ ಕೇಳಿ ಅನುವೂ ನಾನೂ ಒಬ್ಬರನ್ನೊಬ್ಬರು ಹಿಡಿದುಕೊಂಡೆವು.

೨೪ ಡಿಸೆಂಬರ್

ಪಿಳ್ಳಮ್ಮ ಬರಲಿಲ್ಲ. ಮಗುವಿಗೆ ಎರೆಯಲು ನನಗೆ ಧೈರ್ಯವಿಲ್ಲ.

ಎಲ್ಲಾ ಮುಚ್ಚಿಬಿಡು ಅಂದವಳು ನಾನು. ಅಷ್ಟು ದಿನದಲ್ಲಿ ಒಮ್ಮೆಯೂ ಹಿತ್ತಲಿಗೆ ಹೋಗಿ ಆ ಗಾಳಿಗೆ ಕೈ ಒಡ್ಡಿ ನೋಡಲಿಲ್ಲ.

೨೭ ಡಿಸೆಂಬರ್

ಇವರನ್ನೂ ಕರೆದುಕೊಂಡು ಅವಳ ಮನೆಗೆ ಹೋದೆ. ರಾಗಿ ಕೇರುತ್ತಿದ್ದಳು. ತಲೆ ಎತ್ತಲಿಲ್ಲ.

"ಸಿಟ್ಟಿನಲ್ಲಿ ಅಂದ್ಬಿಟ್ಟೆ ಪಿಳ್ಳಮ್ಮಾ," ಅಂದರು ಇವರು. "ಅವತ್ತೇ ಹೇಳ್ಬೇಕಿತ್ತು ನಾನು. ಆಚೆ ಗಾಳೀಲಿರೋ ಬಿಸೀನ ಅದು ಹೀರ್ಕೊಳ್ಳುತ್ತೆ. ಉಳಿದ ಚಳೀನ ಉಗುಳುತ್ತೆ. ಆಚೆ ತಣ್ಣಗೆ ಬಂದ್ರೇನೇ ಒಳಗೆ ಬೆಚ್ಚಗೆ."

ಮೊರ ಕೆಳಗಿಟ್ಟಳು. "ಅಂಗಂದ್ರೆ ಕಬ್ಬಿನ ರಸ ಕುಡ್ದು ಸಿಪ್ಪೆ ಉಗ್ದಂಗೆ."

"ಹಂಗೇ."

"ಉಗಿಯೋ ಬಾಯ್ನ ನಾ ಕಟ್ಟಾಕ್ದೆ." ಸೆರಗಿಗೆ ಕೈ ಒರೆಸಿಕೊಂಡು, "ನೀವು ನಮ್ಗೂ ಒಂದ್ ಮಾತು ಏಳಿದ್ರೆ ಗಂಟೇನು ಓಗ್ತಿತ್ತು ಸಾಮಿ?"

ಇವರು ತಲೆ ತಗ್ಗಿಸಿದರು. ನಾನೂ.

ವಾಪಸು ಬರುವಾಗ ಇವರು ಇನ್ನೊಂದು ಹೇಳಿದರು. ಜಮೀನಿನ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾದರೆ ವೋಲ್ಟೇಜ್ ಬೀಳುತ್ತದೆ. ಆಗ ಫ್ಯಾನ್ ತಿರುಗುತ್ತಿರುತ್ತದೆ, ಬಿಸಿ ಎಳೆಯುವ ಕಂಪ್ರೆಸರ್ ನಿಂತಿರುತ್ತದೆ. ಸದ್ದು ನಂಬಬೇಡ. ಕೂಡಲೇ ಆಫ್ ಮಾಡು, ಇಲ್ಲದಿದ್ದರೆ ಸುಟ್ಟುಹೋಗುತ್ತೆ.

ಈಗ ಕಿವಿಯನ್ನೂ ನಂಬುವ ಹಾಗಿಲ್ಲ.

೫ ಜನವರಿ ೧೯೮೪

ಪಿಳ್ಳಮ್ಮ ಈಗ ಮೆಷಿನ್ನಿನ ಕಾವಲಿಗೆ ನಿಂತಿದ್ದಾಳೆ. ಎದುರಿಗೆ ಬಟ್ಟೆ ಒಣಹಾಕಲು ಬಿಡಳು. ನೀರು ಕಾಯಿಸುತ್ತಲೇ ಆಗಾಗ ಕೈ ಒಡ್ಡಿ ನೋಡಿ ಕೂಗುತ್ತಾಳೆ — "ತಣ್ಣಗದೆ ಕಣಮ್ಮಾ!" ಒಳಗೆ ನಾನು ಪಾದ ಮುಟ್ಟಿ, "ಬೆಚ್ಚಗಿದೆ!" ಅನ್ನುತ್ತೇನೆ. ಅನುಗೆ ನಗು. ಕೇಳಿದವರು ನಮಗೆ ಹುಚ್ಚು ಅಂದುಕೊಂಡಾರು.

ಮಗು ಕೆನ್ನೆ ತುಂಬಿಕೊಂಡಿದೆ. ಸಂತೋಷಪಡಬಹುದೇ?

೯ ಜನವರಿ, ಬೆಳಿಗ್ಗೆ

ಮಂಜು ದಟ್ಟವಾಗಿದೆ. ತುಮಕೂರು ರಸ್ತೆ ಕಾಣಿಸುತ್ತಿಲ್ಲ. ಇವರಿಗೆ ಫಸ್ಟ್ ಶಿಫ್ಟ್, ಆಗಲೇ ಹೋದರು. ಅನು ಮಲಗಿದ್ದಾಳೆ. ಮಗು ತೊಡೆಯ ಮೇಲಿದೆ. ಮೆಷಿನ್ ಎಂದಿನಂತೆ ಸದ್ದು ಮಾಡುತ್ತಿದೆ. ಇವತ್ತು ಯಾಕೋ ಮನಸ್ಸು ಹಗುರ. ಮಗುವಿಗೆ ಹೆಸರು ಯೋಚಿಸೋಣ ಅಂತ ಕೂತೆ, ಇಷ್ಟು ದಿನ ಧೈರ್ಯವೇ ಬಂದಿರಲಿಲ್ಲ. ಅನುಗೆ ಇಷ್ಟವಾಗುವಂಥದ್ದು, ಪಿಳ್ಳಮ್ಮನ ಬಾಯಿಗೂ ಸಲೀಸಾಗಿ

ಹಿತ್ತಲಿಂದ ಪಿಳ್ಳಮ್ಮನ ಕೂಗು. "ಅಮ್ಮಾ! ಗಾಳಿ ತಣ್ಣಗಿಲ್ಲ! ಅಮ್ಮಾ, ತಣ್ಣಗಿಲ್ಲ!"

ಫ್ಯಾನ್ ತಿರುಗುತ್ತಲೇ ಇದೆಯಲ್ಲ... ಕಂಪ್ರೆಸರ್ ನಿಂತಿರಬೇಕು. ಪಾದ ಇನ್ನೂ ಬೆಚ್ಚಗಿದೆ. ಮೊದಲು ಸ್ವಿಚ್. ಮಗುವನ್ನು ಎದೆಗೆ —