ಹಾರ ಹಾಕಿದ ಫೋಟೋ

ಜೇವರ್ಗಿ, ಮಂಗಳವಾರ, ೧೪ ಅಕ್ಟೋಬರ್ ೨೦೨೫

ದೌಲತರಾಯರ ಮುಖ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ಹೋದ ತಿಂಗಳು ಡಾಕ್ಟರು ಕೈಚೆಲ್ಲಿದಾಗ ಅವರ ಮಗ ವಿಶ್ವಾರಾಧ್ಯ ಶ್ರದ್ಧಾಂಜಲಿ ಫ್ಲೆಕ್ಸ್‌ಗೆಂದು ಅವರ ಫೋಟೋವನ್ನು ನನ್ನ ಅಂಗಡಿಗೆ ಮೇಲ್ ಮಾಡಿದ್ದ. ಮೇಲ್‌ನಿಂದಲೇ ತೆರೆದು, ಹಾರ ಹಾಕಿ, ಸೇವ್ ಒತ್ತಿದ್ದೆ. ಮರುದಿನ ಫೋನ್: "ಅಕ್ಕಾರ, ಅಪ್ಪ ಉಳದಾನ್ರಿ! ಆ ಫೋಟೋ ಡಿಲೀಟ್ ಮಾಡಿಬಿಡ್ರಿ." ಮೇಲ್ ಅಳಿಸಿದೆ. ಮುಗಿಯಿತು ಅಂದುಕೊಂಡೆ.

ಮೇಲ್ ಅಳಿಸಿದರೂ, ಅದರಲ್ಲಿ ತೆರೆದದ್ದರ ಪ್ರತಿಯನ್ನು ಕಂಪ್ಯೂಟರ್ ಟೆಂಪ್ ಫೋಲ್ಡರಿನಲ್ಲಿ ಸದ್ದಿಲ್ಲದೆ ಇಟ್ಟುಕೊಂಡಿರುತ್ತದೆ. ಇಂದು ಕಂಪ್ಯೂಟರ್ ತೀರಾ ನಿಧಾನವಾಯಿತೆಂದು ಆ ಫೋಲ್ಡರ್ ಖಾಲಿ ಮಾಡಲು ಹೋದೆ. ಕೈತಪ್ಪಿ ಹಾರದ ಫೋಟೋ ತೆರೆದುಕೊಂಡಿತು. ಹಿಂದಿನ ಕುರ್ಚಿಯಲ್ಲಿ ದೌಲತರಾಯರೇ ಕೂತಿದ್ದರು, ಮೊಮ್ಮಗಳ ಹುಟ್ಟುಹಬ್ಬದ ಫ್ಲೆಕ್ಸ್ ಮಾಡಿಸಲು.

ಅವರು ಬಗ್ಗಿ ನೋಡಿದರು. "ಯಾರವ್ವಾ ಇಂವ? ಎಲ್ಲೋ ನೋಡೀನಿ. ಪಾಪ, ಯಾವಾಗ ಹೋದ?"

ತಟ್ಟನೆ ಅದನ್ನು ಮುಚ್ಚಿ, ಹುಟ್ಟುಹಬ್ಬದ ಫ್ಲೆಕ್ಸ್ ತೆರೆದೆ.

ಅವರು ಎದ್ದು ಹೋದ ಮೇಲೆ ಅಳಿಸಲು ನೋಡಿದೆ. ಈ ಫೈಲ್ ಬೇರೆ ಕಡೆ ತೆರೆದಿದೆ, ಅಳಿಸಲಾಗದು ಎಂದಿತು ಕಂಪ್ಯೂಟರ್. ಎಲ್ಲವನ್ನೂ ಮುಚ್ಚಿದೆ. ಆಫ್ ಮಾಡಿ ಮತ್ತೆ ಹಚ್ಚಿದೆ. ಅದೇ ಮಾತು.

ಪ್ಲಗ್ ಕಿತ್ತು, ಅಂಗಡಿಗೆ ಬೀಗ ಹಾಕಿ ಬಂದಿದ್ದೇನೆ. ಆದರೂ ಆ ಫೋಟೋವನ್ನು ಯಾರೋ ತೆರೆದಿಟ್ಟುಕೊಂಡು, ಇನ್ನೂ ನೋಡುತ್ತಾ ಕೂತಿದ್ದಾರೆ ಅನ್ನಿಸುತ್ತಿದೆ.