ಕೊನೆಯ ಹೊಂಡದ ನಿರ್ದೇಶಕರು

ಮೇ 4, ಬೆಳಿಗ್ಗೆ 8
ಕೊನೆಯ ಹೊಂಡದ ತಪಾಸಣೆ ಮುಗಿಸಿದೆ. ಘನತೆವೆತ್ತ ನಿರ್ದೇಶಕರು ಏಳೂ ಮಂದಿ ಹಾಜರು. ಕಾರ್ಪ್ ಮೀನುಗಳೇ ಆದರೂ ಈ ಘಟಕದಲ್ಲಿ ಅವರ ಮಾತೇ ಕಾನೂನು. ಊರಿನ ಕೊಳಚೆ ಶುದ್ಧವಾಗಿ ಕಾಲುವೆಗೆ ಬೀಳುವ ಮುನ್ನ ಅವರ ಹೊಂಡ ಹಾಯಬೇಕು. ಲ್ಯಾಬಿನ ನೀರು ಪರೀಕ್ಷಿಸುವ ಯಂತ್ರ ಚಳಿಗಾಲದಲ್ಲೇ ಕೆಟ್ಟಿತು, ಹೊಸದು ರಾಜಧಾನಿ ಬಿಷ್ಕೆಕ್‌ನಿಂದ ಬರುತ್ತಲೇ ಇದೆ... ಹಾಗಾಗಿ ಮೀನು ಬದುಕಿದ್ದರೆ ನೀರು ಚೆನ್ನ. ನಾನು ನೋಡಿ ಬಂದು ಹೇಳುವುದು, ಲ್ಯಾಬಿನ ಸಾಯ್ಕಾಲ್ ಅಕ್ಕ ‘ಮೀನು: ಜೀವಂತ’ ಎಂದು ಬರೆದು ಸಹಿ ಹಾಕುವುದು.

ಮೇ 5, ಸಂಜೆ
ಪಂಪ್ ನೋಡಿಕೊಳ್ಳುವ ಜೂಮಾಬೆಕ್ ಮಾವನನ್ನು ಹೆದರಿಸುವ ರಾಷ್ಟ್ರೀಯ ಕಾರ್ಯಕ್ರಮ ಸಂಪನ್ನ. ಒಂದು ಪ್ಯಾಕೆಟ್ ಸೋಪಿನ ಪುಡಿ ಹೊಂಡಕ್ಕೆ. ನೊರೆ ಮೊಣಕಾಲೆತ್ತರ. ಮಾವ ಬಿಸ್ಮಿಲ್ಲಾ ಎನ್ನುತ್ತ ಹಿಂದೆ ಸರಿದು ಟೋಪಿ ಬೀಳಿಸಿಕೊಂಡರು. ಆಮೇಲೆ, ನಿನ್ನ ಮದುವೆ ದಿನ ನಿನ್ನ ಕುದುರೆಗೆ ಇದೇ ಪುಡಿ ತಿನ್ನಿಸುತ್ತೇನೆ ಎಂದು ಶಪಿಸಿದರು.

ಮೇ 6, ಬೆಳಿಗ್ಗೆ 7.30
ಏಳೂ ಮಂದಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದಾರೆ.
ಕೊಂದವನು ನಾನೇ. ಸೋಪು. ಅಕ್ಕನಿಗೆ ತಿಳಿದರೆ ಕೆಲಸ ಹೋಯಿತು. ಬಕೆಟ್‌ನಲ್ಲಿ ತುಂಬಿ ಬೇಲಿಯಾಚೆ ಹೂತೆ — ಭಾಷಣವಿಲ್ಲ, ಗೌರವವಂದನೆಯಿಲ್ಲ. ಬಜಾರಿಗೆ ಓಡಿ ಅದೇ ಗಾತ್ರದ ಏಳು ಜೀವಂತ ಕಾರ್ಪ್ ತಂದು ಬಿಟ್ಟೆ. ಒಂಬತ್ತಕ್ಕೆ ಅಕ್ಕ ಬಂದರು. ಜೀವಂತ ಎಂದೆ. ಬರೆದರು.

ಮೇ 8, ಬೆಳಿಗ್ಗೆ 9.15
ನಿನ್ನೆ ಬರೆಯಲಿಲ್ಲ. ನಿನ್ನೆಯೂ ಸತ್ತಿದ್ದವು. ನಿನ್ನೆಯೂ ಬಜಾರು. ಸೋಪಿನ ಶೇಷ ಎಂದುಕೊಂಡೆ.
ಇವತ್ತೂ ಅದೇ. ಆದರೆ ನೊರೆ ಹರಿದುಹೋಗಿ ಎರಡು ದಿನವಾಯಿತು. ನೀರು ಮೂಸಿದೆ. ಕೊಳೆತ ಮೊಟ್ಟೆ, ಹಸಿ ಚರ್ಮ. ಯಾರೋ ಚರ್ಮ ಹದ ಮಾಡಿದ ನೀರನ್ನು ಚರಂಡಿಗೆ ಸುರಿಯುತ್ತಿದ್ದಾರೆ. ಹಾಗಾದರೆ ಕೊಂದವನು ನಾನಲ್ಲ. ಒಂದು ಕ್ಷಣ ಖುಷಿಯಾಯಿತು — ಬರೆಯಲು ನಾಚಿಕೆ. ಆಮೇಲೆ ಹೊಳೆಯಿತು. ಮೀನು ಮೂರು ದಿನದಿಂದ ಹೇಳುತ್ತಲೇ ಇದೆ. ಬಾಯಿ ಮುಚ್ಚಿಸಿದವನು ನಾನು.
ಈಗಷ್ಟೇ ಅಕ್ಕ ಕೇಳಿದರು. ಬಾಯಿ ತಾನಾಗಿ ‘ಜೀವಂತ’ ಎಂದಿತು.

10.40
ತಂಗಿ ಬೂರುಲ್ ಫೋನ್ ಮಾಡಿದ್ದಳು. ಕಾಲುವೆ ಹೋಗುವುದು ಅವಳ ಊರಿಗೇ. ಇವತ್ತು ಅಲ್ಲಿ ತುಲೋ — ಮಳೆ ಬೇಡಿ ಊರೆಲ್ಲ ಒಂದೇ ಕಡಾಯಿಯಲ್ಲಿ ಉಣ್ಣುವ ದಿನ. ಕುರಿ ಕಡಿದಾಯಿತು, ಬಾ ಎಂದಳು. ನೀರು ಎಲ್ಲಿಯದು ಎಂದೆ. ನಕ್ಕಳು. ಕಾಲುವೆಯದೇ, ಬಾವಿ ನೀರು ಹಾಕಿದರೆ ಹರಕೆ ಸಲ್ಲುತ್ತದೆಯೇ ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಲೈನ್ ಕಡಿಯಿತು.

11.00
ಅಕ್ಕನಿಗೆ ಎಲ್ಲ ಹೇಳಿದೆ, ತುಲೋ ವಿಷಯವನ್ನೂ.
“ಮೀನು ಸತ್ತಿದ್ದು ಯಾವಾಗ?”
“ಆರನೇ ತಾರೀಕು.”
“ಮತ್ತೆ ನಿನ್ನೆ ನಾನು ಕಿಟಕಿಯಿಂದ ನೋಡಿದ್ದು ಯಾರನ್ನೋ?”
“ಬಜಾರಿನವರನ್ನ, ಅಕ್ಕಾ.”
ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಅದಕ್ಕೇ ಇನ್ನೂ ಹೆದರಿದೆ. ತೂಬು ಮುಚ್ಚಿಸಿದರು. ಜೂಮಾಬೆಕ್ ಮಾವನನ್ನು ಕಾರಿನಲ್ಲಿ ತಂಗಿಯ ಊರಿಗೆ ಅಟ್ಟಿದರು. ನೀರು ಹೇಗೂ ಕುದಿಸಿದ್ದಾರಲ್ಲ ಎಂದೆ, ಮೆಲ್ಲಗೆ.
“ಕುದಿಸಿದ್ರೆ ಹೋಗೋ ವಿಷ ಅಲ್ಲ ಕಣೋ. ಫೋನ್ ಮಾಡ್ತಾನೇ ಇರು.”

12.20
ತುಲೋ ನಡೆಯುವ ಕಾಲುವೆ ದಡದಲ್ಲಿ ಸಿಗ್ನಲ್ ಸರಿಯಿಲ್ಲ. ಮಾವ ಇನ್ನೂ ದಾರಿಯಲ್ಲಿ. ಹದಿನೇಳನೇ ಸಲ ಬೂರುಲ್ ಎತ್ತಿದಳು. ಸಾರು ಯಾರೂ ಮುಟ್ಟಬೇಡಿ ಎಂದೆ. ದೊಡ್ಡವರಿಗೆ ಇನ್ನೂ ಬಡಿಸಿಲ್ಲ ಎಂದಳು. ಉಸಿರು ಬಂತು.
“ಮಕ್ಕಳಿಗೆ ಮಾತ್ರ ಮೊದ್ಲು ಕೊಟ್ವಿ. ಹಸಿವು ಅಂತ ಕುಣೀತಿದ್ವು.”
ಐಜಿರೆಕ್ ಎಲ್ಲಿ ಎಂದು ಕೇಳಿದೆ. ಅವಳ ಮಗಳು, ನಾಲ್ಕು ವರ್ಷ. ಬೂರುಲ್ ಫೋನ್ ಹಿಡಿದೇ ಮಗಳನ್ನು ಕೂಗುತ್ತಿದ್ದಾಳೆ. ನಾನು ಫೋನ್ ಕಿವಿಗೆ ಒತ್ತಿಕೊಂಡೇ ಬರೆಯುತ್ತಿದ್ದೇನೆ. ಒಂದು ಸಲ ಕೂಗಿದಳು. ಎರಡು. ಗಾಳಿಯ ಸದ್ದು. ಮೂರು. ಯಾರೋ ಹೆಂಗಸು, ಇಲ್ಲೇ ಮಲಗಿಬಿಟ್ಟಿದ್ದಾಳಲ್ಲ ಎಂದರು. ಬೂರುಲ್ ಓಡುತ್ತಿದ್ದಾಳೆ. ಫೋನ್ ಇನ್ನೂ